ತ್ಯಾಗರಾಜನಗರದಲ್ಲಿ ಕೂತು ಕಲಿತ ಮಾರಾಟದ ಪಾಠ

38 ಕಿಲೋ ಬಾಳೆಕಾಯಿ ಹುಡಿಯನ್ನು ಹಟ್ಟಿಗೆ ಒಯ್ದು ಅಕ್ಕಚ್ಚಿಗೆ ಬೆರೆಸಿದವ ನಾನು. ಹುಳ ಬಿದ್ದಿತ್ತು. ಹೊರುವುದು ನನ್ನ ಕೆಲಸ, ಸುರಿಯುವುದು ನನ್ನಾಕೆಯದು. ಅವಳು ಒಂದು ಮಾತೂ ಆಡಲಿಲ್ಲ. ಸಿಪ್ಪೆ ತೆಗೆದು, ಹೆಚ್ಚಿ, ಒಣಗಿಸಿದ್ದೆಲ್ಲ ಅವಳೇ. ಬೈದಿದ್ದರೆ ವಾಸಿಯಿತ್ತು. ದನಗಳು ಮಾತ್ರ ಖುಷಿಯಲ್ಲಿ ನೆಕ್ಕಿದವು.

ಇದು 2022ರ ಮೇ ತಿಂಗಳ ಕತೆ. ಹಿಂದಿನ ವರ್ಷ, ಕೊರೋನಾದ ಎರಡನೇ ಅಲೆಯ ಹೊತ್ತಿಗೆ, ನೇಂದ್ರ ಬಾಳೆಗೆ ಕೇಳುವವರೇ ಇಲ್ಲದಾಗ ‘ಬಾಕಾಹು’ - ಬಾಳೆಕಾಯಿ ಹುಡಿ - ಆಂದೋಲನ ಎದ್ದದ್ದು ನಿಮಗೆಲ್ಲ ನೆನಪಿರಬಹುದು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮನೆ ಮನೆಯಲ್ಲಿ ಬಾಳೆಕಾಯಿ ಒಣಗಿತು. ವಿಟ್ಲ ಕಡೆಯ ನಮ್ಮ ಮನೆಯಲ್ಲೂ. ಮೊದಲು ಮನೆಬಳಕೆಗೆ. ದೋಸೆ ಆಯಿತು, ರೊಟ್ಟಿ ಆಯಿತು, ನೆಂಟರೆಲ್ಲ ಭೇಷ್ ಅಂದರು. ಅಲ್ಲಿಗೆ ನಿಂತಿದ್ದರೆ ಸುಖ. ನನಗೆ ತಲೆಗೆ ಹೊಕ್ಕಿತು. ಸಾಲ ಮಾಡಿ ಸಣ್ಣದೊಂದು ಡ್ರೈಯರ್ ತಂದೆ. ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದೆ. ಅರ್ಧ ಕಿಲೋದ ಪ್ಯಾಕೆಟಿಗೆ 140 ರೂಪಾಯಿ ಎಂದು ಮುದ್ರಿಸಿ ಸಾವಿರ ಚೀಟಿ ತರಿಸಿದೆ. ಎರಡು ಕೃಷಿಮೇಳಕ್ಕೆ ಹೊತ್ತೆ. ಅಂಗಡಿಗಳಲ್ಲಿ ಇಟ್ಟೆ. ಮೇಳದಲ್ಲಿ ಹೊಗಳಿದವರು ನೂರು ಮಂದಿ, ಕೊಂಡವರು ಹದಿನೆಂಟೋ ಇಪ್ಪತ್ತೋ. ಅಂಗಡಿಯದ್ದು ಹಾಗೇ ವಾಪಸು ಬಂತು.

“ಡ್ರೈಯರ್ ಯಾರಿಗಾದರೂ ಕೊಟ್ಟುಬಿಡಿ” ಎಂದು ನನ್ನಾಕೆ ಅಂದದ್ದು ಅದಾಗಿ ಒಂದು ವಾರಕ್ಕೆ. ಸಾಲದ ಕಂತು ಇನ್ನೂ ಹದಿನಾಲ್ಕು ಬಾಕಿ.

ಬಾಣಂತಿ ಮನೆಯಲ್ಲಿ ಕಾಲೇಜು

ಆಗಸ್ಟಿನಲ್ಲಿ ಎರಡನೇ ಔಷಧಿ ಸಿಂಪಡಣೆ ಮುಗಿಸಿ, ತೋಟವನ್ನು ತಮ್ಮನಿಗೆ ಒಪ್ಪಿಸಿ ಬೆಂಗಳೂರಿಗೆ ಹೋದೆವು. ಮಗಳ ಹೆರಿಗೆ. ಅವಳ ಮನೆ ತ್ಯಾಗರಾಜನಗರದಲ್ಲಿ. ಬಸವನಗುಡಿ, ಎನ್.ಆರ್. ಕಾಲೊನಿಗಳ ಪಕ್ಕದ ಹಳೇ ಬಡಾವಣೆ. ಹಳೇ ಮನೆ ಕೆಡವಿ ಮೂರು ಮಾಳಿಗೆ ಎಬ್ಬಿಸುವ ಸದ್ದು ಒಂದು ಕಡೆ, ಬೆಳಿಗ್ಗೆ ರಂಗೋಲಿ ಹಾಕುವ ಅಜ್ಜಿಯಂದಿರು ಇನ್ನೊಂದು ಕಡೆ. ನನ್ನಾಕೆಗೆ ಕೈತುಂಬಾ ಕೆಲಸ. ನನಗೆ ಹಾಲು ತರುವುದು, ಬಟ್ಟೆ ಒಣಹಾಕುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ತೋಟದಲ್ಲಿ ಓಡಾಡಿದ ಕಾಲಿಗೆ ಇದೊಂದು ಶಿಕ್ಷೆ.

ನನ್ನ ಚಡಪಡಿಕೆ ನೋಡಲಾಗದೆ ಮಗಳೇ ಲ್ಯಾಪ್‌ಟಾಪ್ ಮುಂದಿಟ್ಟಳು. “ಅಪ್ಪ, ನಿಮಗೆ ಹುಡಿ ಮಾಡಲಿಕ್ಕೆ ಗೊತ್ತುಂಟು, ಮಾರಲಿಕ್ಕೆ ಗೊತ್ತಿಲ್ಲ. ಇದನ್ನು ಕೇಳಿ.” ಅಮೆರಿಕದ ಫಿಲಡೆಲ್ಫಿಯಾದ ವಾರ್ಟನ್ ಸ್ಕೂಲ್ ಕೋರ್ಸೆರಾ ಎಂಬ ತಾಣದಲ್ಲಿ ಇಟ್ಟ ಮಾರ್ಕೆಟಿಂಗಿನ ಪ್ರಾಥಮಿಕ ಪಾಠ. 1881ರಲ್ಲಿ ಶುರುವಾದ ಶಾಲೆಯಂತೆ. ಮೂವರು ಮೇಷ್ಟ್ರುಗಳು: ಬಾರ್ಬರಾ ಕಾನ್, ಪೀಟರ್ ಫೇಡರ್, ಡೇವಿಡ್ ಬೆಲ್. ಪ್ರಮಾಣಪತ್ರ ಬೇಡ ಎಂದರೆ ಆಗ ದುಡ್ಡು ಕೊಡದೆಯೇ ಕೇಳಬಹುದಿತ್ತು. 59ರ ಪ್ರಾಯದಲ್ಲಿ ನನಗೆ ಪ್ರಮಾಣಪತ್ರ ಯಾಕೆ?

ನಮ್ಮ ಸರಕಾರದ್ದೂ ಉಂಟು. ಕೇಂದ್ರದ ‘ಸ್ವಯಂ’ ತಾಣ 2017ರಲ್ಲಿ ಆರಂಭವಾದದ್ದು. ಅದರಲ್ಲಿ ಮ್ಯಾನೇಜ್‌ಮೆಂಟ್ ವಿಷಯದ ಹೊಣೆ ಬೆಂಗಳೂರಿನದೇ ಬನ್ನೇರುಘಟ್ಟ ರಸ್ತೆಯ ಐಐಎಂನದು. ಕಲಿಯಲು ಖರ್ಚಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಆದರೆ ಅಲ್ಲಿ ಪಾಠಗಳು ನಿಗದಿತ ದಿನಕ್ಕೆ ಶುರುವಾಗುತ್ತವೆ, ನಾನು ಕೂತ ದಿನಕ್ಕೆ ಯಾವುದೂ ಹೊಂದಲಿಲ್ಲ. ಹಾಗಾಗಿ ಫಿಲಡೆಲ್ಫಿಯಾ!

ಇಂಗ್ಲಿಷಿನದ್ದು ದೊಡ್ಡ ಹೆದರಿಕೆ. ಪಿಯುಸಿವರೆಗೆ ಓದಿದವ ನಾನು. ಪೇಪರ್ ಓದಿದರೆ ಅರ್ಥ ಆಗುತ್ತದೆ, ಅವರ ರಾಗ ಕಿವಿಗೆ ಹತ್ತುವುದಿಲ್ಲ. ಉಪಾಯ ಎರಡು. ಮಾತು ಅಕ್ಷರದಲ್ಲಿ ಕೆಳಗೆ ಬರುವಂತೆ ಮಾಡಬಹುದು. ವೇಗವನ್ನು ಮುಕ್ಕಾಲಿಗೆ ಇಳಿಸಬಹುದು. ಮುಕ್ಕಾಲು ವೇಗದಲ್ಲಿ ಮೇಷ್ಟ್ರು ಶೇಂದಿ ಕುಡಿದವರ ಹಾಗೆ ಎಳೆಯುತ್ತಾರೆ, ಚಿಂತಿಲ್ಲ. ಐದರಿಂದ ಹದಿನೈದು ನಿಮಿಷದ ತುಣುಕು ಪಾಠಗಳು. ನಾಲ್ಕು ವಾರದ ಪಠ್ಯ ನನಗೆ ಏಳು ವಾರ ಹಿಡಿಯಿತು. ಮಗು ಅತ್ತಾಗ ನಿಲ್ಲಿಸುವುದು, ಮಲಗಿದಾಗ ಮುಂದುವರಿಸುವುದು. ಮೊದಲ ಪ್ರಶ್ನೆಪತ್ರಿಕೆಯಲ್ಲಿ ಫೇಲ್. ಎರಡನೇ ಸಲಕ್ಕೆ ದಾಟಿದೆ.

ಕನ್ನಡದಲ್ಲಿ ಇಂಥದ್ದೊಂದು, ರೈತನ ಉದಾಹರಣೆ ಇಟ್ಟುಕೊಂಡು, ಅಚ್ಚುಕಟ್ಟಾಗಿ ಯಾರಾದರೂ ಮಾಡಬಾರದೇ? ಕಾರು, ಕಾಫಿ ಅಂಗಡಿ, ಕಂಪ್ಯೂಟರುಗಳ ಉದಾಹರಣೆಯಲ್ಲಿ ಬಾಳೆಗೊನೆ ಹುಡುಕುವುದು ನಮಗೆ ಕಷ್ಟ.

ಹುಡಿಯೋ, ಹಿಟ್ಟೋ?

ಮೊದಲ ಪಾಠದಲ್ಲೇ ಕಾನ್ ಮೇಡಂ ನನ್ನ ಕಿವಿ ಹಿಂಡಿದರು. ಸರಕು ಕಡಿಮೆ, ಕೊಳ್ಳುವವರು ಹೆಚ್ಚು ಇದ್ದಾಗ ಮಾರುವವನದ್ದೇ ರಾಜ್ಯ, ಮಾಡಿದ್ದೆಲ್ಲ ಹೋಗುತ್ತದೆ. ಸರಕು ಹೆಚ್ಚಾದಾಗ ಕೊಳ್ಳುವವನದ್ದು ರಾಜ್ಯ. ಆಗ ಅವನಿಗೇನು ಬೇಕು ಎಂದು ಮೊದಲು ಕೇಳಬೇಕು, ಆಮೇಲೆ ಮಾಡಬೇಕು. ನಾನು ಮಾಡಿದ್ದು ಉಲ್ಟಾ. ನನ್ನ ಬಳಿ ಬಾಳೆಕಾಯಿ ಇತ್ತು, ಹಾಗಾಗಿ ಹುಡಿ ಮಾಡಿದೆ. ಕೊಳ್ಳುವವರ ಬಳಿ ಏನಿಲ್ಲ ಎಂದು ಕೇಳಲೇ ಇಲ್ಲ.

ಕೇಳಿಯೇಬಿಡೋಣ ಎಂದು ತಮ್ಮನಿಗೆ ಫೋನ್ ಮಾಡಿ ಹೊಸತಾಗಿ ಐದು ಕಿಲೋ ಹುಡಿ ಮಾಡಿಸಿ ರಾತ್ರಿ ಬಸ್ಸಿಗೆ ಹಾಕಿಸಿದೆ. ನೂರು ಗ್ರಾಮಿನ ಪೊಟ್ಟಣ ಕಟ್ಟಿ, ಮಗಳ ಗುರುತಿನ ಹದಿನಾಲ್ಕು ಮನೆಗಳಿಗೆ ಕೊಟ್ಟೆ. ದುಡ್ಡು ಬೇಡ, ಹತ್ತು ದಿನ ಬಿಟ್ಟು ಬರುತ್ತೇನೆ, ಏನು ಮಾಡಿದಿರಿ ಹೇಳಿ ಸಾಕು.

ಮೊದಲ ಮನೆ ಮಾಲೀಕರದ್ದೇ. ಆ ಅಮ್ಮನಿಗೆ ಹಿಂದಿನ ವರ್ಷವೇ ಮಗಳು ಒಂದು ಪ್ಯಾಕೆಟ್ ಕೊಟ್ಟಿದ್ದಳು. “ಹಳೇದು ಹ್ಯಾಗಿತ್ತಮ್ಮ?” ಕೇಳಿದೆ. ಬಹಳ ಸಂಕೋಚದಿಂದ ಹೇಳಿದರು: “ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸ್ಕೊಂಡ್ವಿ. ರುಚಿನೇ ಇಲ್ಲ. ಉಪ್ಪು ಖಾರ ಹಾಕೋದು ಮರೆತಿದಾರೆ ಅಂದ್ಕೊಂಡೆ.”

ನನಗೆ ಒಂದು ನಿಮಿಷ ಬೇಕಾಯಿತು. ನಮ್ಮೂರಲ್ಲಿ ಅಕ್ಕಿಹುಡಿಯೂ ಹುಡಿ, ಸಾಂಬಾರು ಹುಡಿಯೂ ಹುಡಿ. ಬೆಂಗಳೂರಿನವರಿಗೆ ಹುಡಿ ಅಂದರೆ ಪುಡಿ. ಪುಡಿ ಅಂದರೆ ಚಟ್ನಿಪುಡಿ, ಸಾರಿನ ಪುಡಿ. ರೊಟ್ಟಿ ತಟ್ಟುವಂಥದ್ದಾದರೆ ಅದು ಹಿಟ್ಟು! ಸಾವಿರ ಚೀಟಿಯಲ್ಲೂ ನಾನು ದಪ್ಪ ಅಕ್ಷರದಲ್ಲಿ ‘ಬಾಳೆಕಾಯಿ ಹುಡಿ’ ಎಂದೇ ಹಾಕಿಸಿದ್ದೆ. ಅಂಗಡಿಯವನೂ ಅದನ್ನು ಸಾರಿನ ಪುಡಿಯ ಸಾಲಿನಲ್ಲೇ ಇಟ್ಟಿದ್ದ. ನಾನೇ ಕಣ್ಣಾರೆ ಕಂಡಿದ್ದೆ, ತಲೆಗೆ ಹೋಗಿರಲಿಲ್ಲ.

ಉಳಿದ ಮನೆಗಳಲ್ಲಿ ಸಿಕ್ಕಿದ್ದು ಬೇರೆ ಬೇರೆ. ಇಬ್ಬರು ಪೊಟ್ಟಣ ಬಿಚ್ಚಿರಲಿಲ್ಲ. ಒಬ್ಬರು ಇದು ಎಳೆ ಮಕ್ಕಳಿಗೆ ತಿನ್ನಿಸುವ ಸರಿ ಎಂದು ಎತ್ತಿಟ್ಟಿದ್ದರು. ಮೂರು ಮನೆಯಲ್ಲಿ ಗೋದಿ ಹಿಟ್ಟಿಗೆ ಬೆರೆಸಿ ಚಪಾತಿ ಮಾಡಿದ್ದರು, ಅದರ ಹದ ಚೆನ್ನಾಗಿ ಬಂದಿತ್ತಂತೆ. ನಮಗೆ ಗೊತ್ತಿರದ ಉಪಯೋಗವೂ ಸಿಕ್ಕಿತು: ಒಬ್ಬ ಅಜ್ಜಿ ಏಕಾದಶಿ ಫಲಾಹಾರಕ್ಕೆ ದೋಸೆ ಹುಯ್ದಿದ್ದರು. ಧಾನ್ಯ ಇಲ್ಲವಲ್ಲ! “ಅರ್ಧ ಕಿಲೋ ಬೇಡಪ್ಪ, ನಾವಿಬ್ಬರೇ ಇರೋದು. ಕಾಲು ಕಿಲೋ ಮಾಡು. ಹ್ಯಾಗೆ ಮಾಡೋದು ಅಂತ ಚೀಟಿ ಬರೆದು ಒಳಗೆ ಹಾಕು” ಅಂದರು. ನಾಲ್ಕು ಮನೆಯವರು ಇದೇ ಮಾತು ಹೇಳಿದರು.

ಒಬ್ಬ ಗೃಹಸ್ಥರು ಮಾತ್ರ ಬೇರೆ ಸಲಹೆ ಕೊಟ್ಟರು. ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎಂದು ಚೀಟಿಯಲ್ಲಿ ಹಾಕಿ, ಆಗ ನೋಡಿ ವ್ಯಾಪಾರ! ಕೈಮುಗಿದೆ. ಆಹಾರದ ಪೊಟ್ಟಣದ ಮೇಲೆ ರೋಗ ವಾಸಿಯಾಗುತ್ತದೆಂದು ಬರೆಯಲು ಕಾನೂನು ಬಿಡುವುದಿಲ್ಲ. ಬಿಟ್ಟರೂ ಬರೆಯಬಾರದು.

ಮಾರಾಟವಾಗದ್ದೇ ಪುಣ್ಯ

ಮಾರ್ಕೆಟಿಂಗಿನವರು ಎಲ್ಲ ಕಡೆ ಹೇಳುವ ನಾಲ್ಕು ‘ಪಿ’ಗಳಿವೆ: ಸರಕು, ಬೆಲೆ, ಸಿಗುವ ಜಾಗ, ಪ್ರಚಾರ. 1960ರಲ್ಲಿ ಜೆರೋಮ್ ಮೆಕಾರ್ಥಿ ಎಂಬ ಪ್ರಾಧ್ಯಾಪಕರು ಇಟ್ಟ ಲೆಕ್ಕ. ಬೆಲೆಯ ಬಗ್ಗೆ ಓದುತ್ತಾ ಕೂತವ ಕಾಗದ ಪೆನ್ನು ಹಿಡಿದೆ. ಅದುವರೆಗೆ ನನ್ನ ಮಟ್ಟಿಗೆ ಬಾಳೆಕಾಯಿ ತೋಟದ್ದು, ಪುಕ್ಕಟೆ. ಹೆಂಡತಿಯ ಕೆಲಸವೂ ಪುಕ್ಕಟೆ. ಅವೆರಡಕ್ಕೂ ಬೆಲೆ ಕಟ್ಟಿದರೆ?

ನಮ್ಮಲ್ಲಿ ಒಂದು ಕಿಲೋ ಹುಡಿಗೆ ನಾಲ್ಕೂವರೆ ಕಿಲೋ ನೇಂದ್ರ ಬೇಕು. ಕಿಲೋಗೆ 18ರಂತೆ 81 ರೂಪಾಯಿ. ಸಿಪ್ಪೆ ತೆಗೆದು, ಹೆಚ್ಚಿ, ಉಪ್ಪು ಹಾಕಿದ ಗಂಜಿತಿಳಿಯಲ್ಲಿ ಅದ್ದಿ, ಹರವಿ ಒಣಗಿಸುವ ಕೂಲಿ 90. ಕರೆಂಟು, ಸೌದೆ 25. ಮಿಲ್ಲಿಗೆ 10. ಅರ್ಧ ಕಿಲೋದ ಎರಡು ಪ್ಯಾಕೆಟ್ ಮತ್ತು ಚೀಟಿಗೆ 20. ಸಾಗಾಟ 30. ಒಟ್ಟು 256. ನಾನು ಮಾರಲು ಹೊರಟದ್ದು ಕಿಲೋಗೆ 280ಕ್ಕೆ. ಅಂಗಡಿಯವರಿಗೆ ನೂರಕ್ಕೆ ಇಪ್ಪತ್ತು ಬಿಟ್ಟರೆ ಕೈಗೆ ಬರುವುದು 224. ಅಂದರೆ ಅಂಗಡಿಯಲ್ಲಿ ಪ್ರತಿ ಕಿಲೋ ಮಾರಾಟವಾದಾಗಲೂ 32 ರೂಪಾಯಿ ನಷ್ಟ! ಚೆನ್ನಾಗಿ ಮಾರಾಟವಾಗಿದ್ದರೆ ಇನ್ನೂ ಬೇಗ ಮುಳುಗುತ್ತಿದ್ದೆ.

ಈ ಕಾಗದವನ್ನು ನನ್ನಾಕೆಗೆ ತೋರಿಸಿದೆ. ಅವಳ ಬೆರಳು 90 ಎಂಬ ಅಂಕೆಯ ಮೇಲೆ ನಿಂತಿತು. “ಇದು ನನ್ನದಾ?” ಕೇಳಿದಳು. ಹೌದೆಂದೆ. ಡ್ರೈಯರ್ ಮಾರುವ ಮಾತು ಮತ್ತೆ ಬರಲಿಲ್ಲ.

ಈಗ ಕಾಲು ಕಿಲೋಗೆ 95 ರೂಪಾಯಿ. ಹೆಸರು ‘ಬಾಳೆಕಾಯಿ ಹಿಟ್ಟು’, ಕೆಳಗೆ ಸಣ್ಣದಾಗಿ ಬಾಕಾಹು. ತೂಕ, ಬೆಲೆ, ತಯಾರಿಸಿದ ದಿನ, ಬ್ಯಾಚ್ ನಂಬರು, ವಿಳಾಸ, ನೋಂದಣಿ ಸಂಖ್ಯೆ ಎಲ್ಲ ಇರಲೇಬೇಕು. ಒಳಗೆ ಚೀಟಿ: ಚಪಾತಿಗೆ ಮೂರು ಪಾಲು ಗೋದಿಗೆ ಒಂದು ಪಾಲು ಇದು; ಅಜ್ಜಿಯ ದೋಸೆ; ನಮ್ಮ ರೊಟ್ಟಿ. ಸಣ್ಣ ಪ್ಯಾಕೆಟಿನಿಂದ ಕಿಲೋಗೆ 20 ರೂಪಾಯಿ ಖರ್ಚು ಏರಿ 276 ಆಗಿದೆ. ಕಿಲೋಗೆ 380 ಬಂದರೆ ನೇರ ಮಾರಾಟದಲ್ಲಿ 104 ಉಳಿಯುತ್ತದೆ, ಅಂಗಡಿಯಲ್ಲಿ 28.

ಗಿರಾಕಿಗಳೆಲ್ಲ ಒಂದೇ ಅಲ್ಲ

ಫೇಡರ್ ಮೇಷ್ಟ್ರ ಪಾಠ ನನಗೆ ಅತಿ ಕಷ್ಟವೆನಿಸಿದ್ದು, ಅತಿ ಉಪಯೋಗಕ್ಕೆ ಬಂದದ್ದೂ ಅದೇ. ಗಿರಾಕಿಯೇ ದೇವರು ಎಂದು ನಾವು ಬೋರ್ಡು ಹಾಕುತ್ತೇವಲ್ಲ, ಅವರು ಹಾಗೆ ಹೇಳುವುದಿಲ್ಲ. ಗಿರಾಕಿಗಳಲ್ಲಿ ಭೇದವುಂಟು. ಒಮ್ಮೆ ಕೊಂಡು ಮರೆಯುವವ ಬೇರೆ, ವರ್ಷಗಟ್ಟಲೆ ಕೊಳ್ಳುವವ ಬೇರೆ. ಯಾರು ಯಾರು ಎಂದು ಗುರುತಿಸಿ, ಎರಡನೆಯವರ ಮೇಲೆ ಹೆಚ್ಚು ಶ್ರಮ ಹಾಕಬೇಕು. ಒಬ್ಬ ಗಿರಾಕಿ ಮುಂದಿನ ವರ್ಷಗಳಲ್ಲಿ ತರುವ ಒಟ್ಟು ಲಾಭವನ್ನೇ ಅವನ ‘ಬೆಲೆ’ ಎಂದು ಹಿಡಿಯುವ ಲೆಕ್ಕವೂ ಇದೆ.

ಹೊಸದೇನಲ್ಲ. ಪೇಟೆಯ ಹಳೇ ಜೀನಸಿ ಅಂಗಡಿಯವರ ಕಡತ ಪುಸ್ತಕ ನೋಡಿ. ಯಾವ ಮನೆಗೆ ಯಾವ ಹಬ್ಬಕ್ಕೆ ಎಷ್ಟು ಬೆಲ್ಲ ಎಂದು ಅವರಿಗೆ ಬಾಯಿಪಾಠ. ನಾನು ಮಾತ್ರ ಮೇಳಗಳಲ್ಲಿ ನೂರಾರು ಮಂದಿಗೆ ಗಂಟಲು ಹರಿಯುವಂತೆ ವಿವರಿಸಿ, ಕೊಂಡ ಇಪ್ಪತ್ತು ಮಂದಿಯ ಫೋನ್ ನಂಬರು ಕೂಡ ಬರೆದುಕೊಳ್ಳದೆ ಬಂದಿದ್ದೆ.

ಈಗ ನೂರು ಪುಟದ ಒಂದು ನೋಟ್‌ಬುಕ್ ಇದೆ. ಹೆಸರು, ಯಾವತ್ತು, ಎಷ್ಟು, ಏನು ಹೇಳಿದರು. ಅಷ್ಟೆ. ಆರು ತಿಂಗಳಾದ ಮೇಲೆ ನೋಡಿದಾಗ 43 ಮನೆಗಳಲ್ಲಿ 11 ಮನೆಯವರೇ ಅರ್ಧಕ್ಕಿಂತ ಹೆಚ್ಚು ಹಿಟ್ಟು ಒಯ್ದಿದ್ದರು. ಆ ಹನ್ನೊಂದು ಮನೆಗೆ ಹೊಸ ಬ್ಯಾಚ್ ಆದ ಕೂಡಲೇ ಮೊದಲ ಸಂದೇಶ. ಮಾವಿನ ಮಿಡಿಯ ಕಾಲದಲ್ಲಿ ಪೊಟ್ಟಣದೊಟ್ಟಿಗೆ ನಾಲ್ಕು ಮಿಡಿಯೂ ಹೋಗುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಏನೋ ಉದ್ದದ ಹೆಸರುಂಟು.

ಬೆಲ್ ಮೇಷ್ಟ್ರ ಮಾತು ಜಾಗದ ಕುರಿತು. ಅವರ ಅಧ್ಯಯನದ ಒಂದು ಉದಾಹರಣೆ ಮಕ್ಕಳ ಡಯಾಪರ್ ಮಾರುವ ಕಂಪೆನಿಯದ್ದು. (ನನ್ನ ತಲೆಯ ಮೇಲೇ ಹಗ್ಗದಲ್ಲಿ ಮೊಮ್ಮಗಳ ಬಟ್ಟೆ ತೂಗುತ್ತಿದ್ದ ಕಾರಣ ಇದು ಬೇಗ ಅರ್ಥವಾಯಿತು.) ಎಳೆ ಮಕ್ಕಳು ಕಡಿಮೆ ಇರುವ ಬಡಾವಣೆಯಲ್ಲಿ ಅಂಗಡಿಯವರು ಅದನ್ನು ಹೆಚ್ಚು ಇಡುವುದಿಲ್ಲ. ಹಾಗಾಗಿ ಅಲ್ಲಿನ ಒಂದೋ ಎರಡೋ ಮನೆಯವರು ದೂರದಿಂದ ತರಿಸಿಕೊಳ್ಳುತ್ತಾರೆ. ಬೀದಿಗೊಬ್ಬರಂತೆ ಚದುರಿದ ಇಂಥ ಗಿರಾಕಿಗಳೇ ದೂರದ ವ್ಯಾಪಾರಿಗೆ ಆಧಾರ. ತ್ಯಾಗರಾಜನಗರದಲ್ಲೂ ಬೀದಿಗೊಂದು ಕರಾವಳಿಯ ಮನೆ ಉಂಟು, ಉಪವಾಸದ ಅಜ್ಜಿ ಉಂಟು. ಆ ಒಂದು ಮನೆಗಾಗಿ ಅಂಗಡಿಯವ ನನ್ನ ಹಿಟ್ಟು ಇಡಲಾರ, ಅವನ ತಪ್ಪಲ್ಲ. ಅಂಗಡಿ ಅಂಗಡಿ ತಿರುಗುವುದನ್ನು ಅಲ್ಲಿಗೇ ಬಿಟ್ಟೆ. ಮಗಳ ಮನೆಗೆ ತಿಂಗಳಿಗೊಂದು ಪೆಟ್ಟಿಗೆ ಬಸ್ಸಿನಲ್ಲಿ ಹೋಗುತ್ತದೆ. ಸುತ್ತಿನವರು ಅಲ್ಲಿಂದ ಒಯ್ಯುತ್ತಾರೆ, ಜಯನಗರ, ಬನಶಂಕರಿಯವರೂ ಬರುತ್ತಾರೆ.

ಪಾಠದಲ್ಲಿ ಇಲ್ಲದ್ದು

ಒಂದು ತಕರಾರು ಹೇಳಲೇಬೇಕು. ಈ ಪಾಠವೆಲ್ಲ ಬೆಲೆ ಕಟ್ಟುವ ಅಧಿಕಾರ ಇದ್ದವರಿಗೆ. ನಮ್ಮ ಮುಖ್ಯ ಬೆಳೆ ಅಡಿಕೆ. ಮೂಟೆ ಇಳಿಸಿ “ಎಷ್ಟು ಕೊಡ್ತೀರಿ?” ಎಂದು ಕೇಳುವವ ರೈತ. ಅವನ ಚಾಲಿಗೂ ನನ್ನ ಚಾಲಿಗೂ ಹೆಸರಿನ ವ್ಯತ್ಯಾಸವಿಲ್ಲ. ಅಲ್ಲಿ ಬ್ರ್ಯಾಂಡ್, ಚೀಟಿ ಎಂದರೆ ನಗುತ್ತಾರೆ.

ಅದಕ್ಕೆ ಮದ್ದು ಕಂಡುಕೊಂಡವರು ನಮ್ಮವರೇ. 1970ರ ಸುಮಾರಿಗೆ ಅಡಿಕೆ ಧಾರಣೆ ನೆಲಕಚ್ಚಿದ ಮೇಲೆ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರು ಸೇರಿ ಕ್ಯಾಂಪ್ಕೋ ಕಟ್ಟಿದರು. ಕೊಕ್ಕೋ ಕೊಳ್ಳುವವರು ಹಿಂದೆ ಸರಿದಾಗ ಅದನ್ನೂ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಎಬ್ಬಿಸಿತು. ಬೆಂಗಳೂರಿನ ಹಾಪ್‌ಕಾಮ್ಸ್ ಕೂಡ ಹಾಗೆಯೇ, 1959ರಲ್ಲಿ ಡಾ. ಎಂ.ಎಚ್. ಮರಿಗೌಡರ ಪ್ರೇರಣೆಯಿಂದ ಹುಟ್ಟಿದಾಗ ಅದು ದ್ರಾಕ್ಷಿ ಬೆಳೆಗಾರರ ಸಂಘ. ಒಬ್ಬಂಟಿಗೆ ಹಿಟ್ಟು ಮಾರಬಹುದು, ಅಡಿಕೆ ಮಾರಲು ಗುಂಪು ಬೇಕು. ಇದನ್ನು ಫಿಲಡೆಲ್ಫಿಯಾದವರು ನನಗೆ ಹೇಳಲಿಲ್ಲ.

ಕಾರ್ತಿಕದಲ್ಲಿ ನನ್ನಾಕೆಯನ್ನು ಕರೆತರಲು ಮತ್ತೆ ಹೋದಾಗ ಕಡಲೆಕಾಯಿ ಪರಿಷೆ. ಮಗಳ ಮನೆಯಿಂದ ದೊಡ್ಡ ಬಸವಣ್ಣನ ಗುಡಿಗೆ ನಡೆದೇ ಹೋಗಬಹುದು. ಕಾರ್ತಿಕದ ಕೊನೆಯ ಸೋಮವಾರದ ಜಾತ್ರೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯ ರೈತರು ತಮ್ಮ ಕಡಲೆಕಾಯಿ ತಿನ್ನುತ್ತಿದ್ದ ಬಸವನಿಗೆ ಮೊದಲ ಬೆಳೆ ಒಪ್ಪಿಸಿದ್ದು ಎಂದು ಐತಿಹ್ಯ. ಆ ಹಳ್ಳಿಗಳೆಲ್ಲ ಈಗ ಪೇಟೆ. ಪರಿಷೆ ನಿಂತಿಲ್ಲ. ರಸ್ತೆಯುದ್ದಕ್ಕೂ ರಾಶಿ. ಹಸಿ, ಹುರಿದದ್ದು, ಬೇಯಿಸಿದ್ದು, ಎರಡು ಬೀಜದ್ದು, ಮೂರು ಬೀಜದ್ದು. ಯಾರೂ ಕೂಗುವುದಿಲ್ಲ. ಹಿಡಿ ಎತ್ತಿ ಕೈಗೆ ಹಾಕುತ್ತಾರೆ, “ತಿಂದ್ ನೋಡಿ”. ತಿಂದವ ಸೇರಿನಲ್ಲಿ ಅಳೆಸಿಕೊಳ್ಳುತ್ತಾನೆ. ಒಬ್ಬ ಹೆಂಗಸು ಹಳೇ ಗಿರಾಕಿಯೊಬ್ಬರಿಗೆ ಕೇಳುವ ಮೊದಲೇ ಗಟ್ಟಿ ಕಾಯಿಯ ಬೇರೆ ಚೀಲ ಹಿಂದಿನಿಂದ ತೆಗೆದು ಕೊಟ್ಟಳು. ಫೇಡರ್ ಮೇಷ್ಟ್ರು ನೆನಪಾದರು.

ಕೊನೆಗೆ ಲೆಕ್ಕ. ತಿಂಗಳಿಗೆ 20ರಿಂದ 25 ಕಿಲೋ ಹಿಟ್ಟು ಹೋಗುತ್ತಿದೆ, ಹೆಚ್ಚಿಲ್ಲ. ಮಳೆಗಾಲದಲ್ಲಿ ಸೌದೆ ಖರ್ಚು ಏರಿ ಉಳಿಕೆ ಇಳಿಯುತ್ತದೆ. ದಾಸ್ತಾನು ಇಡುವುದಿಲ್ಲ, ನೋಟ್‌ಬುಕ್ ನೋಡಿ ಬೇಕಾದಷ್ಟೇ ಒಣಗಿಸುವುದು, ಹಾಗಾಗಿ ಹುಳದ ಸುದ್ದಿಯಿಲ್ಲ. ಡ್ರೈಯರಿನ ಕಂತು ತೀರಿದೆ. ಕೂಲಿಯ 90 ರೂಪಾಯಿ ಪ್ರತಿ ಕಿಲೋಗೆ ನನ್ನಾಕೆಯ ಖಾತೆಗೆ ಬೇರೆಯೇ ಹೋಗುತ್ತದೆ. ಅದಕ್ಕೆ ನಾನು ಕೈಹಾಕುವಂತಿಲ್ಲ.

ಕಳೆದ ಬೇಸಿಗೆಯಲ್ಲಿ ಹಲಸಿನ ಬೀಜ ರಾಶಿ ಬಿದ್ದಿತ್ತು. ಬೀಜದ ಹುಡಿ - ಕ್ಷಮಿಸಿ, ಹಿಟ್ಟು - ಮಾಡೋಣ ಎಂದೆ. “ಯಾರಿಗೆ ಬೇಕಂತೆ?” ಎಂದು ಕೇಳಿದಳು ನನ್ನಾಕೆ. ಎರಡು ಕಿಲೋ ಮಾತ್ರ ಮಾಡಿ ನೂರು ಗ್ರಾಮಿನ ಪೊಟ್ಟಣ ಕಟ್ಟಿ ಆ ಹನ್ನೊಂದು ಮನೆಗೆ ಕಳಿಸಿದ್ದೇವೆ. ಆರು ಮನೆಯವರು ಉತ್ತರ ಹೇಳಿದ್ದಾರೆ, ಐದು ಬರಬೇಕು.